ಸದ್ದು ಜೋರಿದ್ದರೆ ಸಾಲದು, ಶ್ರುತಿ ಬೇಕು: ಅಮೆರಿಕದ ಡ್ರಮ್ ಕೋರ್ ಸ್ಪರ್ಧೆಯಲ್ಲಿ ‘ಲೋ ಬ್ರಾಸ್’ಗೆ ಅಂಕ ಕೊಡೋದು ಹೇಗೆ?

ಗಣಪತಿ ವಿಸರ್ಜನೆ ಮೆರವಣಿಗೆ ಪೇಟೆ ಬೀದಿಗೆ ಬರುತ್ತಿದೆ ಅನ್ನೋದು ಅಂಗಡಿಯವರಿಗೆ ಮೊದಲು ಗೊತ್ತಾಗೋದು ಶಟರ್‌ನಿಂದ. ಡಿಜೆ ಇನ್ನೂ ಎರಡು ಬೀದಿ ಆಚೆ ಇರುವಾಗಲೇ ಶಟರ್ ಗಡಗಡ ಅನ್ನುತ್ತೆ, ಗಾಜಿನ ಭರಣಿಗಳು ನಡುಗುತ್ತವೆ. ಹಾಡು ಯಾವುದು ಅಂತ ಮಾತ್ರ ಗೊತ್ತಾಗೋದಿಲ್ಲ. ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ ಬಂದಾಗ ಕತೆ ಬೇರೆ. ಮುಂದಿನ ಸಾಲಿನ ಟ್ರಂಪೆಟ್ ಎಲ್ಲರ ಕಿವಿಗೂ ಬೀಳುತ್ತೆ. ಹಿಂದೆ ದೊಡ್ಡ ಯುಫೋನಿಯಂ ಎದೆಗವುಚಿಕೊಂಡು ಊದುವವರನ್ನು ಯಾರೂ ನೋಡೋದಿಲ್ಲ. ಆದರೆ ಅವರು ಅರ್ಧ ನಿಮಿಷ ನಿಲ್ಲಿಸಿದರೆ ಸಾಕು, ಹಾಡು ನೀರು ಬೆರೆಸಿದ ಮಜ್ಜಿಗೆ ಹಾಗೆ ತೆಳ್ಳಗಾಗಿಬಿಡುತ್ತೆ.

ಈ ಎರಡನ್ನೂ ಕೇಳಿದವರಿಗೆ ಅಮೆರಿಕದ ‘ಡ್ರಮ್ ಕೋರ್’ ಸ್ಪರ್ಧೆಯ ತೀರ್ಪುಗಾರರ ತಲೆನೋವು ಬೇಗ ಅರ್ಥವಾಗುತ್ತೆ. ಅಲ್ಲಿ ಮಂದ್ರ ಸ್ಥಾಯಿಯ ಹಿತ್ತಾಳೆ ವಾದ್ಯಗಳ ತಂಡಕ್ಕೆ ‘ಲೋ ಬ್ರಾಸ್’ ಅಂತ ಹೆಸರು. ಇಡೀ ಸಂಗೀತಕ್ಕೆ ಪಾಯ ಹಾಕುವವರು ಇವರೇ, ಕಿವಿಗೆ ಬಿಡಿಸಿ ಸಿಗದೆ ಇರುವವರೂ ಇವರೇ. ಕಾಣದ ಪಾಯಕ್ಕೆ ಅಂಕ ಹಾಕೋದು ಹೇಗೆ? ಯೂಟ್ಯೂಬ್‌ನಲ್ಲಿ ಈ ತಂಡಗಳ ವಿಡಿಯೊ ನೋಡಿ ‘ಎಲ್ಲ ಒಂದೇ ಥರ ಇದೆಯಲ್ಲ’ ಅಂದುಕೊಂಡವರಿಗಾಗಿ ಇಲ್ಲಿದೆ ವಿವರ.

ಏನಿದು ಡ್ರಮ್ ಕೋರ್?

ಡ್ರಮ್ ಕೋರ್ ಅಂದರೆ ಹಿತ್ತಾಳೆ ವಾದ್ಯ, ತಾಳವಾದ್ಯ ಮತ್ತು ಬಾವುಟ ಬೀಸುತ್ತಾ ಕುಣಿಯುವ ‘ಕಲರ್ ಗಾರ್ಡ್’ ಸೇರಿದ ತಂಡ. ಕೊಳಲು, ಕ್ಲಾರಿನೆಟ್, ಸ್ಯಾಕ್ಸೋಫೋನ್‌ಗೆ ಇಲ್ಲಿ ಜಾಗ ಇಲ್ಲ. ಅಮೆರಿಕನ್ ಫುಟ್ಬಾಲ್ ಮೈದಾನವೇ ವೇದಿಕೆ. 150ಕ್ಕೂ ಹೆಚ್ಚು ಯುವಕ ಯುವತಿಯರು ನುಡಿಸುತ್ತಲೇ ಓಡುತ್ತಾರೆ, ಹಿಂದಕ್ಕೆ ನಡೆಯುತ್ತಾರೆ, ಚಿತ್ತಾರ ಕಟ್ಟುತ್ತಾರೆ. ಒಂದು ಪ್ರದರ್ಶನ ಹತ್ತು ಹನ್ನೆರಡು ನಿಮಿಷದ್ದು.

ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರ ಸಂಘಗಳು ಊರೂರಲ್ಲಿ ಕಟ್ಟಿದ ಬ್ಯೂಗಲ್ ಮತ್ತು ಡ್ರಮ್ ತಂಡಗಳೇ ಇದರ ಮೂಲ. ಈಗ ದೊಡ್ಡ ಮಟ್ಟದ ಸ್ಪರ್ಧೆ ನಡೆಸುವ ಸಂಸ್ಥೆ ‘ಡ್ರಮ್ ಕೋರ್ ಇಂಟರ್‌ನ್ಯಾಷನಲ್’, ಚಿಕ್ಕದಾಗಿ ಡಿಸಿಐ. ಇದರ ಮೊದಲ ಚಾಂಪಿಯನ್‌ಶಿಪ್ 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಲ್ಲಿ ನಡೆಯಿತು. ಗೆದ್ದದ್ದು ಕ್ಯಾಲಿಫೋರ್ನಿಯಾದ ಅನಾಹೈಮ್ ಕಿಂಗ್ಸ್‌ಮೆನ್ ತಂಡ. ಈಗಿನ ಫೈನಲ್ ಆಗಸ್ಟ್ ತಿಂಗಳಲ್ಲಿ ಇಂಡಿಯಾನಾಪೊಲಿಸ್ ನಗರದ ಲ್ಯೂಕಾಸ್ ಆಯಿಲ್ ಸ್ಟೇಡಿಯಂನಲ್ಲಿ ನಡೆಯುತ್ತೆ.

ಇದರಲ್ಲಿ ಸೇರೋದು ಹುಡುಗಾಟವಲ್ಲ. ಬೇಸಿಗೆ ರಜೆ ಪೂರ್ತಿ ಬಸ್ಸಲ್ಲಿ ಊರೂರು ಸುತ್ತಾಟ, ಶಾಲೆಗಳ ಜಿಮ್ ನೆಲದ ಮೇಲೆ ಮಲಗೋದು, ಬಿಸಿಲಲ್ಲಿ ದಿನವಿಡೀ ಅಭ್ಯಾಸ. ಸಂಬಳ ಸಿಗೋದಿಲ್ಲ, ಬದಲಿಗೆ ಒಬ್ಬೊಬ್ಬರೂ ಕೆಲವು ಸಾವಿರ ಡಾಲರ್ ಶುಲ್ಕ ಕಟ್ಟಬೇಕು. ಇಪ್ಪತ್ತೆರಡು ವಯಸ್ಸು ದಾಟಿದವರಿಗೆ ಅವಕಾಶ ಇಲ್ಲ. ಹಾಗಾಗಿ ಪ್ರತಿ ವರ್ಷ ಫೈನಲ್ ರಾತ್ರಿ ಎಷ್ಟೋ ಮಂದಿಗೆ ಅದೇ ಕೊನೆಯ ಪ್ರದರ್ಶನ. ಅಂಕ ಪಟ್ಟಿಯಲ್ಲಿನ ಒಂದು ಸಣ್ಣ ದಶಾಂಶಕ್ಕೆ ಅಲ್ಲಿ ಕಣ್ಣೀರು ಬರೋದು ಇದಕ್ಕೇ.

ಲೋ ಬ್ರಾಸ್‌ನಲ್ಲಿ ಯಾರು ಯಾರು?

ದೊಡ್ಡ ತಂಡದಲ್ಲಿ ಸುಮಾರು 70–80 ಮಂದಿ ಹಿತ್ತಾಳೆ ವಾದ್ಯ ನುಡಿಸುತ್ತಾರೆ. ಮೇಲಿನ ಸ್ವರಕ್ಕೆ ಟ್ರಂಪೆಟ್, ನಡುವೆ ಮೆಲೋಫೋನ್. ಕೆಳಗಿನದು ಬ್ಯಾರಿಟೋನ್, ಯುಫೋನಿಯಂ ಮತ್ತು ಟ್ಯೂಬಾ. ಈ ಕೆಳಗಿನ ಮೂರು ಸೇರಿದರೆ ಲೋ ಬ್ರಾಸ್. ಡ್ರಮ್ ಕೋರ್ ಭಾಷೆಯಲ್ಲಿ ಟ್ಯೂಬಾಗೆ ‘ಕಾಂಟ್ರಾ’ ಅಂತಾರೆ. ಕೂತು ನುಡಿಸುವ ಟ್ಯೂಬಾ ಹಾಗೆ ಮಡಿಲಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ಹೆಗಲ ಮೇಲೆ ಹೊರಬೇಕು. ತೂಕ ಹತ್ತು ಕಿಲೋಗೂ ಹೆಚ್ಚು. ಅಕ್ಕಿ ಚೀಲ ಹೆಗಲ ಮೇಲಿಟ್ಟುಕೊಂಡು ಓಡುತ್ತಾ ಊದಿದ ಹಾಗೆ.

ನಳಿಗೆಯ ಉದ್ದ ನೋಡಿದರೆ ಸ್ವರದ ಲೆಕ್ಕ ಸಿಗುತ್ತೆ. ಟ್ರಂಪೆಟ್‌ನ ಸುರುಳಿ ಬಿಚ್ಚಿದರೆ ಸುಮಾರು ನಾಲ್ಕೂವರೆ ಅಡಿ, ಯುಫೋನಿಯಂ ಒಂಬತ್ತು ಅಡಿ, ದೊಡ್ಡ ಟ್ಯೂಬಾ ಹದಿನೆಂಟು ಅಡಿ. ಉದ್ದ ಎರಡರಷ್ಟಾದಾಗ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತೆ.

ಮೊದಲು ಈ ವಾದ್ಯಗಳಿಗೆ ಇಷ್ಟು ಸಾಮರ್ಥ್ಯ ಇರಲಿಲ್ಲ. ಬಹಳ ಕಾಲ ಡ್ರಮ್ ಕೋರ್‌ನಲ್ಲಿ ಜಿ ಶ್ರುತಿಯ ಬ್ಯೂಗಲ್‌ಗಳೇ ಇದ್ದವು. ಕವಾಟ ಅಂದರೆ ವಾಲ್ವ್ ಕಡಿಮೆ, ಹಾಗಾಗಿ ಎಲ್ಲ ಸ್ವರವೂ ಸಲೀಸಾಗಿ ಬರುತ್ತಿರಲಿಲ್ಲ. ಮೂರನೇ ವಾಲ್ವ್‌ಗೆ ಅನುಮತಿ ಸಿಕ್ಕಿದ್ದು 1990ರಲ್ಲಿ. 2000ದ ಹಂಗಾಮಿನಿಂದ ಬೇರೆ ಶ್ರುತಿಯ ವಾದ್ಯಗಳಿಗೂ ದಾರಿ ತೆರೆಯಿತು. 2014ರಲ್ಲಿ ಟ್ರಾಂಬೋನ್ ಕೂಡ ಬಂತು. ವಾದ್ಯ ಸುಧಾರಿಸಿದಂತೆ ಮಂದ್ರದವರ ಕೆಲಸವೂ ಹೆಚ್ಚಿತು. ಉದ್ದುದ್ದ ಸ್ವರ ಹಿಡಿದು ನಿಂತರೆ ಸಾಕು ಅನ್ನುವ ಕಾಲ ಹೋಯಿತು. ಟ್ರಂಪೆಟ್‌ನವರು ಓಡಿಸುವ ಸ್ವರಗಳನ್ನು ಟ್ಯೂಬಾದವರೂ ಓಡಿಸಬೇಕು.

ನೂರು ಅಂಕದ ಹಂಚಿಕೆ

ಒಟ್ಟು ಅಂಕ 100. ಇದರಲ್ಲಿ 40 ಅಂಕ ‘ಜನರಲ್ ಎಫೆಕ್ಟ್’ಗೆ, ಅಂದರೆ ಪ್ರದರ್ಶನ ಒಟ್ಟಾರೆ ಎಷ್ಟು ತಟ್ಟಿತು ಅನ್ನೋದಕ್ಕೆ. 30 ಅಂಕ ದೃಶ್ಯಕ್ಕೆ, ಅಂದರೆ ನಡಿಗೆ, ರಚನೆ, ಕಲರ್ ಗಾರ್ಡ್. ಉಳಿದ 30 ಸಂಗೀತಕ್ಕೆ.

ಸಂಗೀತದ ಈ 30ರ ಒಳಗೆ ಮೂರು ಹಾಳೆ ಇವೆ: ಬ್ರಾಸ್, ತಾಳವಾದ್ಯ ಮತ್ತು ಒಟ್ಟು ಸಂಗೀತದ ವಿಶ್ಲೇಷಣೆ. ಒಂದೊಂದಕ್ಕೂ 20 ಅಂಕ. ಮೂರನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ 30. ಅಂದರೆ ಬ್ರಾಸ್ ಹಾಳೆಯ 20 ಅಂಕ ಕೊನೆಯ ಮೊತ್ತದಲ್ಲಿ 10 ಅಂಕಕ್ಕೆ ಇಳಿಯುತ್ತೆ.

ಇಲ್ಲೊಂದು ಸಂಗತಿ ಗಮನಿಸಬೇಕು. ಲೋ ಬ್ರಾಸ್‌ಗೆ ಪ್ರತ್ಯೇಕ ಹಾಳೆ ಇಲ್ಲ. ಟ್ರಂಪೆಟ್, ಮೆಲೋಫೋನ್, ಬ್ಯಾರಿಟೋನ್, ಟ್ಯೂಬಾ ಎಲ್ಲದಕ್ಕೂ ಸೇರಿ ಒಂದೇ ಹಾಳೆ. ತೀರ್ಪುಗಾರ ಟ್ಯೂಬಾ ಕಡೆ ಕಿವಿ ಕೊಟ್ಟರೆ ಅವರ ಶ್ರಮಕ್ಕೆ ಬೆಲೆ. ಟ್ರಂಪೆಟ್‌ನ ಮಿಂಚಿಗೆ ಮನಸೋತು ಅಲ್ಲೇ ನಿಂತರೆ ಮಂದ್ರದವರು ಚೆನ್ನಾಗಿ ನುಡಿಸಿದ್ದೂ ಲೆಕ್ಕಕ್ಕೆ ಬರೋದಿಲ್ಲ, ಕೆಡಿಸಿದ್ದೂ ಬರೋದಿಲ್ಲ. ಬ್ರಾಸ್ ವಿಭಾಗದ ಅತ್ಯುತ್ತಮ ತಂಡಕ್ಕೆ ಜಿಮ್ ಆಟ್ ಪ್ರಶಸ್ತಿ ಇದೆ. 1980ರಲ್ಲಿ ತೀರಿಕೊಂಡ ಸಂಗೀತ ಸಂಯೋಜಕನ ಹೆಸರಲ್ಲಿ ಕೊಡುವ ಪ್ರಶಸ್ತಿ ಅದು. ಅದೂ ಇಡೀ ಬ್ರಾಸ್ ಸಾಲಿಗೇ ಹೋಗುತ್ತೆ.

0.025: ತಕ್ಕಡಿ ಮುಳ್ಳು ಅಲ್ಲಾಡಿದಷ್ಟು

ಇಷ್ಟು ಸಣ್ಣ ಲೆಕ್ಕಕ್ಕೆ ಇಷ್ಟು ಚರ್ಚೆ ಯಾಕೆ ಅನ್ನಬಹುದು. 2008ರ ಫೈನಲ್ ನೋಡಿ. ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ನಡೆದ ಆ ರಾತ್ರಿ ಇಲಿನಾಯ್‌ನ ಫ್ಯಾಂಟಮ್ ರೆಜಿಮೆಂಟ್ ತಂಡ ‘ಸ್ಪಾರ್ಟಕಸ್’ ಪ್ರದರ್ಶನಕ್ಕೆ 98.125 ಅಂಕ ಪಡೆಯಿತು. ಕ್ಯಾಲಿಫೋರ್ನಿಯಾದ ಬ್ಲೂ ಡೆವಿಲ್ಸ್‌ಗೆ ಸಿಕ್ಕಿದ್ದು 98.100. ಅಂತರ 0.025. ಇದಕ್ಕೂ ಹಿಂದೆ 1996ರಲ್ಲಿ ಇದೇ ಎರಡು ತಂಡಗಳು ಸಮಾನ ಅಂಕ ಪಡೆದು ಪ್ರಶಸ್ತಿ ಹಂಚಿಕೊಂಡಿದ್ದವು. 1999 ಮತ್ತು 2000ದಲ್ಲೂ ಮೊದಲ ಸ್ಥಾನ ಎರಡೆರಡು ತಂಡಕ್ಕೆ ಹಂಚಿಹೋಯಿತು.

ಈಗಿನ ಲೆಕ್ಕದಲ್ಲಿ ಬ್ರಾಸ್ ಹಾಳೆಯ ಮೇಲೆ 0.1 ಅಂಕ ಹೆಚ್ಚು ಕಡಿಮೆ ಆದರೆ ಒಟ್ಟು ಮೊತ್ತದಲ್ಲಿ 0.05 ವ್ಯತ್ಯಾಸ. 2008ರಲ್ಲಿ ಪ್ರಶಸ್ತಿ ತೀರ್ಮಾನಿಸಿದ ಅಂತರದ ಎರಡು ಪಟ್ಟು. ಬಂಗಾರದ ಅಂಗಡಿಯಲ್ಲಿ ಫ್ಯಾನ್ ಗಾಳಿಗೆ ತಕ್ಕಡಿ ಅಲ್ಲಾಡಿದರೂ ಗಿರಾಕಿ ಕೇಳುತ್ತಾರಲ್ಲ, ಅದೇ ಪರಿಸ್ಥಿತಿ. ಹೀಗಾಗಿ ತಕ್ಕಡಿ ಹಿಡಿಯುವವರ ಕಿವಿ ಎಲ್ಲಿದೆ, ಏನು ಕೇಳುತ್ತಿದೆ ಅನ್ನೋದು ಮುಖ್ಯ.

ಮಂದ್ರ ಸ್ವರ ಅಳೆಯೋದು ಯಾಕೆ ಕಷ್ಟ?

ಕಾರಣ ಒಂದಲ್ಲ, ನಾಲ್ಕಿವೆ.

ಮೊದಲನೆಯದು ಮನುಷ್ಯನ ಕಿವಿ. ಟ್ಯೂಬಾದ ಒಂದು ಸಾಮಾನ್ಯ ಕೆಳ ಸ್ವರ ಸೆಕೆಂಡಿಗೆ ಸುಮಾರು 58 ಸಲ ಕಂಪಿಸುತ್ತೆ. ಇಷ್ಟು ತಗ್ಗಿನ ಸ್ವರಕ್ಕೆ ನಮ್ಮ ಕಿವಿ ಮಂದ. ಅದೇ ಶಕ್ತಿಯಲ್ಲಿ ಟ್ರಂಪೆಟ್ ಊದಿದರೆ ಹೆಚ್ಚು ಜೋರಾಗಿ ಕೇಳುತ್ತೆ. ಟ್ಯೂಬಾ ಸ್ವರ ಗುರುತಾಗೋದು ಬಹುಪಾಲು ಅದರ ಜೊತೆಗೇ ಹುಟ್ಟುವ ಮೇಲಿನ ಅನುಸ್ವರಗಳಿಂದ. ನಾದ ಕೆಟ್ಟಿದ್ದರೆ ಆ ಅನುಸ್ವರ ಮಸುಕಾಗಿ ಬರೀ ‘ಗುಂ’ ಅನ್ನೋದಷ್ಟೇ ಉಳಿಯುತ್ತೆ.

ಎರಡನೆಯದು ನಳಿಗೆಯ ಉದ್ದ. ಹದಿನೆಂಟು ಅಡಿಯ ಗಾಳಿಯನ್ನು ಎಬ್ಬಿಸಿ ಸ್ವರ ನಿಲ್ಲಿಸೋಕೆ ಟ್ರಂಪೆಟ್‌ಗಿಂತ ಒಂದು ಕ್ಷಣ ಹೆಚ್ಚು ಬೇಕು. ಟ್ರಂಪೆಟ್‌ನವರ ಜೊತೆಗೇ ಊದಿದರೂ ಕೇಳುವವರಿಗೆ ತಡವಾದಂತೆ ಅನ್ನಿಸುತ್ತೆ. ಪಳಗಿದ ಟ್ಯೂಬಾ ವಾದಕರು ಉಸಿರನ್ನು ಮೊದಲೇ ಸಿದ್ಧ ಮಾಡಿಕೊಂಡು ಕೂದಲೆಳೆಯಷ್ಟು ಮುಂಚೆ ಶುರು ಮಾಡುತ್ತಾರೆ.

ಮೂರನೆಯದು ವಾದ್ಯದ ಬಾಯಿ ಯಾವ ಕಡೆ ತಿರುಗಿದೆ ಅನ್ನೋದು. ತಗ್ಗಿನ ಕಂಪನ ಎಲ್ಲ ಕಡೆ ಹರಡುತ್ತೆ. ಸ್ವರಕ್ಕೆ ಸ್ಪಷ್ಟತೆ ಕೊಡುವ ಮೇಲಿನ ಅನುಸ್ವರ ಮಾತ್ರ ವಾದ್ಯದ ಬಾಯಿ ತಿರುಗಿದ ಕಡೆಗೇ ಹೆಚ್ಚು ಹೋಗುತ್ತೆ. ವಾದಕ ಪಕ್ಕಕ್ಕೆ ತಿರುಗಿದ ತಕ್ಷಣ ಸ್ಟ್ಯಾಂಡ್‌ನಲ್ಲಿ ಕೂತವರಿಗೆ ಗುಂಗು ಕೇಳುತ್ತೆ, ಅಂಚು ಕೇಳೋದಿಲ್ಲ. ಮೇಲೆ ಮುಚ್ಚಿದ ಸ್ಟೇಡಿಯಂ ಆದರೆ ಪ್ರತಿಧ್ವನಿ ಬೇರೆ.

ನಾಲ್ಕನೆಯದು ದೂರ. ಫುಟ್ಬಾಲ್ ಮೈದಾನದ ಅಗಲ ಸುಮಾರು 49 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತೆ. ಹಿಂದಿನ ಗೆರೆಯಲ್ಲಿ ನಿಂತ ಟ್ಯೂಬಾದ ಸದ್ದು ಮುಂದಿನ ಗೆರೆಗೆ ಬರೋಕೆ 0.14 ಸೆಕೆಂಡು. ಇದು ಏನು ಮಹಾ ಅಂತೀರಾ? ನಿಮಿಷಕ್ಕೆ 180 ತಾಳದ ವೇಗದಲ್ಲಿ ಒಂದು ತಾಳಕ್ಕೆ ಸಿಗೋದೇ 0.33 ಸೆಕೆಂಡು. ಹೆಚ್ಚು ಕಡಿಮೆ ಅರ್ಧ ತಾಳ ಹಿಂದೆ ಬಿದ್ದ ಹಾಗಾಯಿತು. ಎಲ್ಲರೂ ತಮ್ಮ ಕಿವಿಗೆ ಕೇಳಿದ್ದನ್ನೇ ನಂಬಿ ನುಡಿಸಿದರೆ ಸಂತೆ ಗದ್ದಲವಾಗುತ್ತೆ. ಅದಕ್ಕೇ ಹಿಂದಿನವರು ಡ್ರಮ್ ಮೇಜರ್ ಕೈಯನ್ನು ನೋಡಿ ನುಡಿಸುತ್ತಾರೆ. ಮುಂದಿನವರು ಹಿಂದಿನಿಂದ ಬಂದ ಸದ್ದಿಗೆ ಹೊಂದಿಸಿಕೊಳ್ಳುತ್ತಾರೆ.

ಎರಡು ಜಾಗದಲ್ಲಿ ಎರಡು ಕಿವಿ

ಈ ದೂರದ ಸಮಸ್ಯೆಗಾಗಿಯೇ ತೀರ್ಪಿನಲ್ಲಿ ಕೆಲಸ ಹಂಚಿಕೆ ಇದೆ. ಬ್ರಾಸ್ ತೀರ್ಪುಗಾರ ಕೈಯಲ್ಲಿ ರೆಕಾರ್ಡರ್ ಹಿಡಿದು ವಾದಕರ ಹತ್ತಿರವೇ ಸುಳಿದಾಡುತ್ತಾ ಕೇಳುವ ಪದ್ಧತಿ ಬಹಳ ಹಿಂದಿನಿಂದ ಬಂದದ್ದು. ಕೇಳಿದ್ದನ್ನು ಆಗಲೇ ಮಾತಲ್ಲಿ ಹೇಳುತ್ತಾ ಹೋಗುತ್ತಾರೆ. ಇನ್ನೊಬ್ಬರು ಮೇಲೆ, ಪ್ರೆಸ್ ಬಾಕ್ಸ್ ಎತ್ತರದಲ್ಲಿ ಕೂತು ಒಟ್ಟು ಸಂಗೀತ ಕೇಳುತ್ತಾರೆ.

ಹತ್ತಿರ ಇರುವವರಿಗೆ ಒಬ್ಬೊಬ್ಬರ ಉಸಿರು, ನಾಲಿಗೆ ಹೊಡೆತ, ಯಾರ ಸ್ವರ ಒಡೆಯಿತು ಎಲ್ಲ ಸಿಗುತ್ತೆ. ಆದರೆ ಟ್ಯೂಬಾ ಪಕ್ಕ ನಿಂತವರಿಗೆ ಟ್ಯೂಬಾ ಮೊದಲು, ದೂರದ ಟ್ರಂಪೆಟ್ ಆಮೇಲೆ ಕೇಳುತ್ತೆ. ಎರಡೂ ಕೂಡಿ ಬಂದವೋ ಇಲ್ಲವೋ ಅಂತ ಅಲ್ಲಿಂದ ಹೇಳೋದು ಕಷ್ಟ. ಅದು ಮೇಲಿನವರ ಕೆಲಸ. ಮೇಲಿನವರಿಗೆ ಹೊಂದಿಕೆ ಗೊತ್ತಾಗುತ್ತೆ, ತಪ್ಪು ಯಾರದು ಅಂತ ಗೊತ್ತಾಗೋದಿಲ್ಲ. ಮನೆ ಕಟ್ಟುವಾಗ ಮೇಸ್ತ್ರಿ ಗೋಡೆಗೆ ತೂಕದ ಗುಂಡು ಇಳಿಬಿಟ್ಟು ನೋಡುತ್ತಾರೆ, ಯಜಮಾನ ರಸ್ತೆ ಆಚೆ ನಿಂತು ನೋಡುತ್ತಾರೆ. ಎರಡೂ ಬೇಕು.

ತೀರ್ಪುಗಾರರು ಕೇಳೋದು ಇವನ್ನು

ನಾದ: ಸ್ವರ ತುಂಬಿಕೊಂಡಿದೆಯಾ, ಹರಿದಿದೆಯಾ? ಜೋರಾಗಿ ಊದಬೇಕು ಅಂತ ಒತ್ತಿದರೆ ಟ್ಯೂಬಾ ಬಟ್ಟೆ ಹರಿದ ಹಾಗೆ ಸದ್ದು ಮಾಡುತ್ತೆ. ಮೆಲ್ಲಗೆ ನುಡಿಸುವಾಗಲೂ ಅದೇ ತುಂಬು ನಾದ ಉಳಿದರೆ ಅದು ತಯಾರಾದ ತಂಡ.

ಶ್ರುತಿ: ಒಂದು ಟ್ಯೂಬಾ 58, ಇನ್ನೊಂದು 59 ಕಂಪನದಲ್ಲಿ ನಿಂತರೆ ಸೆಕೆಂಡಿಗೊಂದು ಸಲ ‘ವಾಂವ್, ವಾಂವ್’ ಅಂತ ಅಲೆ ಏಳುತ್ತೆ. ತಂಬೂರಿ ಶ್ರುತಿ ಮಾಡುವಾಗ ಕೇಳುವ ಅಲೆಯೇ ಇದು. ಕೆಳಗಿನ ಶ್ರುತಿ ಅಲ್ಲಾಡಿದರೆ ಮೇಲಿನ ಟ್ರಂಪೆಟ್ ಎಷ್ಟೇ ಸರಿ ಇದ್ದರೂ ತಪ್ಪಾಗಿಯೇ ಕೇಳುತ್ತೆ. ಬಯಲಲ್ಲಿ ನಡೆಯುವ ಸ್ಪರ್ಧೆಗಳಲ್ಲಿ ಹವಾಮಾನವೂ ಕಾಡುತ್ತೆ. ಗಾಳಿ ಬಿಸಿಯಾದರೆ ಶ್ರುತಿ ಏರುತ್ತೆ, ರಾತ್ರಿ ತಂಪಾದರೆ ಇಳಿಯುತ್ತೆ.

ಶುರು ಮತ್ತು ಕೊನೆ: ಹತ್ತು ಹದಿನೈದು ಟ್ಯೂಬಾ ಇದ್ದರೂ ಒಂದೇ ಬಾಗಿಲು ತೆರೆದ ಹಾಗೆ ಶುರುವಾಗಬೇಕು, ಒಂದೇ ಬಾಗಿಲು ಮುಚ್ಚಿದ ಹಾಗೆ ಮುಗಿಯಬೇಕು. ಒಬ್ಬರು ತಡವಾಗಿ ಬಿಟ್ಟರೂ ಮಂದ್ರ ಸ್ವರ ಬಾಲದ ಹಾಗೆ ಎಳೆದುಕೊಳ್ಳುತ್ತೆ.

ಉಸಿರು: ಟ್ಯೂಬಾಗೆ ಗಾಳಿ ಬಹಳ ಬೇಕು. ಎಲ್ಲರೂ ಒಂದೇ ಸಲ ಉಸಿರು ತೆಗೆದುಕೊಂಡರೆ ಸಂಗೀತದಲ್ಲಿ ತೂತು ಬೀಳುತ್ತೆ. ಸರದಿ ಪ್ರಕಾರ ಉಸಿರೆಳೆದು ಸ್ವರ ಕಡಿಯದ ಹಾಗೆ ನೋಡಿಕೊಳ್ಳಬೇಕು. ಕೇಳುವವರಿಗೆ ಯಾರು ಯಾವಾಗ ಉಸಿರೆಳೆದರು ಅಂತ ಗೊತ್ತಾಗಬಾರದು.

ಹೆಜ್ಜೆ: ಹೆಗಲ ಮೇಲೆ ಭಾರ ಹೊತ್ತು ಓಡುವಾಗ ಪಾದ ನೆಲಕ್ಕೆ ಬಿದ್ದ ಏಟು ತುಟಿಗೆ ಬರುತ್ತೆ, ಸ್ವರ ಕುಲುಕುತ್ತೆ. ಸೊಂಟದ ಕೆಳಗೆ ಓಟ, ಸೊಂಟದ ಮೇಲೆ ನಿಶ್ಚಲ. ಇದನ್ನು ಸಾಧಿಸಿದವರಿಗೆ ಅಂಕ ಇದೆ.

ಸಮತೋಲ: ಅಮೆರಿಕದ ಸಂಗೀತ ಸಂಯೋಜಕ ಫ್ರಾನ್ಸಿಸ್ ಮೆಕ್‌ಬೆತ್ ಬ್ಯಾಂಡ್‌ನ ನಾದವನ್ನು ಪಿರಮಿಡ್‌ಗೆ ಹೋಲಿಸಿದ್ದರು. ಕೆಳಗೆ ಅಗಲ, ಮೇಲೆ ಹೋದಂತೆ ಕಿರಿದು. ಮಂದ್ರ ಹೆಚ್ಚು, ತಾರ ಕಡಿಮೆ. ತಲೆಕೆಳಗಾದರೆ ಕಿವಿ ಚುಚ್ಚುತ್ತೆ. ಹಾಗಂತ ಪಾಯವೇ ಮನೆಯಾಗಬಾರದು. ರಾಗ ಟ್ರಂಪೆಟ್‌ನಲ್ಲಿ ಇರುವಾಗ ಟ್ಯೂಬಾ ಅದನ್ನು ಹೊರಬೇಕೇ ಹೊರತು ಮುಳುಗಿಸಬಾರದು.

ಏನು ನುಡಿಸಿದರು, ಹೇಗೆ ನುಡಿಸಿದರು

ಬ್ರಾಸ್ ಹಾಳೆಯಲ್ಲಿ ಎರಡು ಭಾಗ ಇವೆ. ಒಂದು, ಏನು ನುಡಿಸಿದರು. ಅಂದರೆ ಬರೆದುಕೊಟ್ಟ ಸಂಗೀತ ಎಷ್ಟು ಸವಾಲಿನದು, ನುಡಿಸುತ್ತಾ ಎಷ್ಟು ಓಡಬೇಕಾಯಿತು. ಇನ್ನೊಂದು, ಹೇಗೆ ನುಡಿಸಿದರು. ಎರಡಕ್ಕೂ ಹತ್ತು ಹತ್ತು ಅಂಕ.

ಉದಾಹರಣೆಗೆ ಎರಡು ತಂಡ ಇವೆ ಅಂದುಕೊಳ್ಳಿ. ಮೊದಲ ತಂಡದ ಲೋ ಬ್ರಾಸ್ ಒಂದೇ ಕಡೆ ನಿಂತು ಉದ್ದುದ್ದ ಸ್ವರ ಹಿಡಿಯಿತು. ಒಂದು ತಪ್ಪೂ ಇಲ್ಲ. ಸವಾಲಿಗೆ 9.5, ಸಾಧನೆಗೆ 9.7, ಒಟ್ಟು 19.2. ಎರಡನೇ ತಂಡದವರು ಮೈದಾನದ ಹಿಂದಿನಿಂದ ಮುಂದಕ್ಕೆ ಓಡುತ್ತಾ ಟ್ರಂಪೆಟ್ ಜೊತೆಗೇ ವೇಗದ ಸ್ವರ ನುಡಿಸಿದರು. ಅಲ್ಲಲ್ಲಿ ಒಂದೆರಡು ಸ್ವರ ಮಸುಕಾಯಿತು. ಸವಾಲಿಗೆ 9.7, ಸಾಧನೆಗೆ 9.6, ಒಟ್ಟು 19.3. ಹಾಳೆಯಲ್ಲಿ 0.1 ಮುಂದೆ, ಮೊತ್ತದಲ್ಲಿ 0.05 ಮುಂದೆ.

ಸ್ಟ್ಯಾಂಡ್‌ನಲ್ಲಿ ಕೂತವರು ಮೊದಲ ತಂಡವೇ ಚೆನ್ನಾಗಿತ್ತು ಅನ್ನಬಹುದು. ತಪ್ಪು ಕಾಣಿಸಲಿಲ್ಲವಲ್ಲ! ಎರಡನೇ ತಂಡದ ಟ್ಯೂಬಾದವರು ಏನು ಮಾಡುತ್ತಿದ್ದಾರೆ ಅಂತ ತೀರ್ಪುಗಾರ ಗುರುತಿಸದೇ ಹೋದರೆ ಫಲಿತಾಂಶವೇ ಉಲ್ಟಾ. ಕಷ್ಟದ ಕೆಲಸ ಮಾಡಿದವರಿಗಿಂತ ಕಷ್ಟ ತಪ್ಪಿಸಿಕೊಂಡವರು ಮುಂದೆ ಹೋಗುತ್ತಾರೆ.

ತಪ್ಪು ಎಣಿಸುವ ಕಾಲ ಮುಗಿದದ್ದು

ಮೊದಲು ಲೆಕ್ಕ ಹೀಗಿರಲಿಲ್ಲ. ‘ಟಿಕ್’ ಅನ್ನೋ ಪದ್ಧತಿ ಇತ್ತು. ತಪ್ಪು ಕಂಡಾಗೆಲ್ಲ ತೀರ್ಪುಗಾರ ಹಾಳೆ ಮೇಲೆ ಗೀಟು ಎಳೆಯುತ್ತಿದ್ದರು. ಒಂದು ಗೀಟಿಗೆ 0.1 ಅಂಕ ಕಡಿತ. ಕೇಳೋಕೆ ನ್ಯಾಯವಾಗಿಯೇ ಇದೆ. ಆದರೆ ಗೀಟು ಕಡಿಮೆ ಮಾಡಿಕೊಳ್ಳೋಕೆ ಸುಲಭ ದಾರಿ ಒಂದಿತ್ತು: ಸುಲಭವಾದದ್ದನ್ನೇ ನುಡಿಸೋದು. ಹೊಸದನ್ನು ಪ್ರಯತ್ನಿಸಿ ಎಡವಿದವರಿಗೆ ಗೀಟು, ಪ್ರಯತ್ನಿಸದವರಿಗೆ ಪೂರ್ತಿ ಅಂಕ.

1983ರ ಹಂಗಾಮಿನ ನಂತರ ಡಿಸಿಐ ಈ ಪದ್ಧತಿ ಕೈಬಿಟ್ಟಿತು. 1984ರಿಂದ ಸೊನ್ನೆಯಿಂದ ಮೇಲಕ್ಕೆ ಅಂಕ ಕಟ್ಟುತ್ತಾ ಹೋಗುವ ಪದ್ಧತಿ ಬಂತು. ತೀರ್ಪುಗಾರ ತಂಡಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು: ಯಾವುದು ಮುಂದೆ, ಎಷ್ಟು ಮುಂದೆ? ಹಂಗಾಮು ಶುರುವಾಗುವ ಜೂನ್‌ನಲ್ಲಿ ಕಡಿಮೆ ಇದ್ದ ಅಂಕ ಅಭ್ಯಾಸ ಹೆಚ್ಚಿದಂತೆ ಏರುತ್ತಾ ಆಗಸ್ಟ್‌ನಲ್ಲಿ ಒಳ್ಳೇ ತಂಡಗಳಿಗೆ 90 ದಾಟುತ್ತೆ.

ಇದರಿಂದ ಮಂದ್ರದವರಿಗೆ ಲಾಭವಾಯಿತು. ಸವಾಲಿಗೂ ಅಂಕ ಇದೆ ಅಂದಮೇಲೆ ಅವರಿಗೂ ಕಷ್ಟದ ಸಂಗೀತ ಬರೆದುಕೊಡೋದರಲ್ಲಿ ಅರ್ಥ ಬಂತು. ಆದರೆ ಇನ್ನೊಂದು ಕಡೆಯಿಂದ ಪ್ರಶ್ನೆ ಎದ್ದಿತು. ಗೀಟನ್ನು ಎಣಿಸಬಹುದಿತ್ತು, ಅಭಿಪ್ರಾಯವನ್ನು ಎಣಿಸೋದು ಹೇಗೆ? ಅದಕ್ಕೆ ಉತ್ತರವಾಗಿ ತೀರ್ಪುಗಾರರ ಧ್ವನಿಮುದ್ರಣ ತಂಡಗಳ ಕೈಗೆ ಹೋಗುತ್ತೆ. ತರಬೇತುದಾರರು ಅವರ ಎದುರು ಕೂತು ವಿವರ ಕೇಳುವ ಸಭೆಗೂ ಅವಕಾಶ ಇದೆ. ‘ಆ ಜಾಗದಲ್ಲಿ ನಮ್ಮ ಟ್ಯೂಬಾ ಕೇಳಿದಿರಾ?’ ಅಂತ ಮುಖಕ್ಕೆ ಮುಖ ಕೊಟ್ಟು ಕೇಳಬಹುದು.

ಸ್ಪೀಕರ್ ಬಂದ ಮೇಲೆ

ಈಗ ಮತ್ತೆ ಆ ನಡುಗುವ ಶಟರ್ ಹತ್ತಿರ ಬರೋಣ. ಡಿಸಿಐ ಮೈದಾನಕ್ಕೆ 2004ರಲ್ಲಿ ಮೈಕ್ ಮತ್ತು ಸ್ಪೀಕರ್ ಬಂತು. 2009ರಲ್ಲಿ ಎಲೆಕ್ಟ್ರಾನಿಕ್ ವಾದ್ಯಕ್ಕೂ ಅನುಮತಿ ಸಿಕ್ಕಿತು. ಮುಂದಿನ ಗೆರೆಯಲ್ಲಿ ಸಿಂಥಸೈಸರ್ ಇಟ್ಟು, ಟ್ಯೂಬಾ ನುಡಿಸುವ ಸ್ವರವನ್ನೇ ದೊಡ್ಡ ಸ್ಪೀಕರ್‌ನಲ್ಲಿ ಕೆಳಗಿನಿಂದ ತುಂಬುವ ರೂಢಿ ಹಬ್ಬಿತು. ಇದನ್ನು ಒಪ್ಪದವರು ಇಟ್ಟ ಅಡ್ಡಹೆಸರು ‘ಗೂ’. ಎಲ್ಲದರ ಮೇಲೂ ಬಳಿದುಕೊಳ್ಳುವ ಅಂಟು ಅಂತ ಅರ್ಥ.

ಎದೆ ನಡುಗುವ ಸದ್ದು ಬಂದಾಗ ಜನ ಎದ್ದು ಕೂಗುತ್ತಾರೆ. ಆ ಸದ್ದು ಹೆಗಲ ಮೇಲೆ ಭಾರ ಹೊತ್ತ ಹುಡುಗರದ್ದೋ, ಒಂದು ಬೆರಳಲ್ಲಿ ಒತ್ತಿದ ಕೀಬೋರ್ಡ್‌ನದ್ದೋ? ಮೇಲೆ ಕೂತವರಿಗೆ ಬಿಡಿಸಿ ಹೇಳೋದು ಬಹಳ ಕಷ್ಟ. ಚೆನ್ನಾಗಿ ನುಡಿಸಿದ ಟ್ಯೂಬಾ ತಂಡದ ಶ್ರಮ ಅದರಡಿ ಮುಚ್ಚಿಹೋಗುತ್ತೆ. ಶ್ರುತಿ ತಪ್ಪಿದ ತಂಡದ ತಪ್ಪೂ ಮುಚ್ಚಿಹೋಗುತ್ತೆ. ಎರಡನೆಯದೇ ಹೆಚ್ಚು ಅನ್ಯಾಯ.

ಪರ ವಾದಿಸುವವರ ಮಾತಿನಲ್ಲೂ ತಿರುಳಿದೆ. ಸಿಂಥಸೈಸರ್ ಹೊಸ ಬಣ್ಣ ಕೊಡುತ್ತೆ, ದೊಡ್ಡ ಸ್ಟೇಡಿಯಂನಲ್ಲಿ ಕೊನೆಯ ಸಾಲಿಗೂ ಸಂಗೀತ ಮುಟ್ಟಿಸುತ್ತೆ, ಹದವಾಗಿ ಬೆರೆಸೋದೂ ಒಂದು ಕಲೆ. ಆ ಕಲೆಗೆ ಒಟ್ಟು ಪರಿಣಾಮದ ಹಾಳೆಯಲ್ಲಿ, ಸಂಗೀತ ವಿಶ್ಲೇಷಣೆಯ ಹಾಳೆಯಲ್ಲಿ ಅಂಕ ಕೊಡಬಹುದು. ಬ್ರಾಸ್ ಹಾಳೆಯ ಅಂಕ ಮಾತ್ರ ಊದಿದವರಿಗೇ ಸೇರಬೇಕು. ಇದು ಆಗಬೇಕಾದರೆ ಬ್ರಾಸ್ ಕೇಳುವವರ ಕಿವಿ ವಾದಕರ ಹತ್ತಿರ ಇರಬೇಕು, ಸ್ಪೀಕರ್ ಮುಂದೆ ಅಲ್ಲ. ಸಿಂಥಸೈಸರ್ ನಿಂತ ಗಳಿಗೆಯಲ್ಲಿ ಟ್ಯೂಬಾದ ಶ್ರುತಿ ಎಲ್ಲಿದೆ ಅಂತ ನೋಡಿದರೆ ಬಹಳ ಸಲ ಅಸಲಿಯತ್ತು ಹೊರಗೆ ಬರುತ್ತೆ.

ಕೇಳೋದು ಹೇಗೆ?

ತೀರ್ಪುಗಾರರ ಈ ಕಿವಿ ಯಾರಿಗಾದರೂ ಸ್ವಲ್ಪ ಮಟ್ಟಿಗೆ ಬರುತ್ತೆ. ಮೈಸೂರು ದಸರಾ ಜಂಬೂಸವಾರಿಯಲ್ಲಿ ಪೊಲೀಸ್ ಬ್ಯಾಂಡ್ ಹೋಗುವಾಗ, ಶಾಲಾ ಮಕ್ಕಳ ಬ್ಯಾಂಡ್ ಸ್ವಾತಂತ್ರ್ಯ ದಿನಾಚರಣೆಗೆ ನುಡಿಸುವಾಗ, ಊರ ಮದುವೆಯ ದಿಬ್ಬಣದಲ್ಲಿ, ಅಥವಾ ಮೊಬೈಲ್‌ನಲ್ಲಿ ಡ್ರಮ್ ಕೋರ್ ವಿಡಿಯೊ ನೋಡುವಾಗ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

ಮಂದ್ರ ಸ್ವರ ಕೇಳಿದಾಗ ಅದು ಯಾವ ಸ್ವರ ಅಂತ ಗುನುಗೋಕೆ ಆಗುತ್ತಾ, ಇಲ್ಲ ಬರೀ ಗುಂಯ್ ಅನ್ನುತ್ತಾ?

ಸ್ವರ ನಿಂತಾಗ ಎಲ್ಲ ಒಟ್ಟಿಗೆ ನಿಂತಿತಾ, ಬಾಲ ಉಳಿಯಿತಾ?

ಮೆಲ್ಲಗೆ ನುಡಿಸುವಾಗ ನಾದ ಉಳಿಯಿತಾ, ಸತ್ತೇ ಹೋಯಿತಾ?

ಮೇಲಿನ ರಾಗ ಕೇಳೋಕೆ ನಿಮ್ಮ ಕಿವಿ ಕಷ್ಟಪಡಬೇಕಾಯಿತಾ?

ವಿಡಿಯೊ ಕೇಳುವವರಿಗೆ ಒಂದು ಸೂಚನೆ. ಮೊಬೈಲ್‌ನ ಸಣ್ಣ ಸ್ಪೀಕರ್‌ನಲ್ಲಿ ಟ್ಯೂಬಾದ ಕೆಳ ಸ್ವರ ಬರೋದೇ ಇಲ್ಲ ಅಂದರೂ ಸರಿ. ಹೆಡ್‌ಫೋನ್ ಹಾಕಿಕೊಂಡರೆ ಒಳ್ಳೇದು.

ಒಂದು ಹೋಲಿಕೆ ಮಾಡಿ ನೋಡಿದರೆ ವಿಷಯ ಪೂರ್ತಿ ಅರ್ಥವಾಗುತ್ತೆ. ಮೊದಲ ಸಲ ಟ್ರಂಪೆಟ್ ಮಾತ್ರ ಹಿಂಬಾಲಿಸಿ ಕೇಳಿ. ಎರಡನೇ ಸಲ ಅದೇ ಭಾಗವನ್ನು ಹಿಂದಿನ ಸಾಲಿನ ಟ್ಯೂಬಾ ಹಿಡಿದು ಕೇಳಿ. ಎರಡು ಬೇರೆ ಬೇರೆ ಹಾಡು ಕೇಳಿದ ಹಾಗಿರುತ್ತೆ. 0.05 ಅಂಕಕ್ಕಾಗಿ ಒಬ್ಬ ತೀರ್ಪುಗಾರ ಹಿಂದಿನ ಸಾಲಿನ ತನಕ ಯಾಕೆ ಹೋಗಬೇಕು ಅನ್ನೋದಕ್ಕೆ ಉತ್ತರ ಆ ಎರಡನೇ ಹಾಡಿನಲ್ಲಿದೆ. ಹೆಗಲ ಮೇಲೆ ಹತ್ತು ಕಿಲೋ ಹೊತ್ತು, ಸಾವಿರಾರು ಡಾಲರ್ ಕಟ್ಟಿ, ಇಪ್ಪತ್ತೆರಡನೇ ವಯಸ್ಸಿಗೆ ಕೊನೆಯ ಸಲ ಊದುವವರಿಗೆ ಬೇಕಾಗಿರೋದು ಅದನ್ನು ಕೇಳುವ ಒಂದು ಕಿವಿ.